ಐವತ್ತನೆಯ ಸ್ವಯಂಸೇವಕಿ

ಖಾಲಿ ಕಾಲಂ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ನನ್ನ ಹಳೆಯ ಕಾಯಿಲೆ. ಬಹುಶಃ ಇಪ್ಪತ್ತೆರಡು ವರ್ಷ ಮೇಷ್ಟರಾಗಿದ್ದವರಿಗೆಲ್ಲ ಅಂಟಿಕೊಳ್ಳುವಂಥದೇ ಇರಬೇಕು. ಒಮ್ಮೆ ಬ್ಯಾಂಕಿನ ಫಾರಂನಲ್ಲಿ 'ಕಚೇರಿಯ ಉಪಯೋಗಕ್ಕೆ ಮಾತ್ರ' ಎಂದಿದ್ದ ಜಾಗವನ್ನೂ ಮುತ್ತಿನಂಥ ಅಕ್ಷರದಲ್ಲಿ ತುಂಬಿಕೊಟ್ಟು ಮ್ಯಾನೇಜರರಿಂದ ಬೈಸಿಕೊಂಡಿದ್ದೇನೆ. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಆರು ವರ್ಷದ ಹಿಂದೆ ಸ್ಟಾಫ್ ಮೀಟಿಂಗಿಗೆ ಹತ್ತು ನಿಮಿಷ ತಡವಾಗಿ ಹೋದೆ. ಹೋಗಿ ಕುರ್ಚಿ ಎಳೆದು ಕೂರುವಷ್ಟರಲ್ಲಿ ನಾನು ಕಾಲೇಜಿನ ವಿದ್ಯಾರ್ಥಿ ಸೇವಾ ಘಟಕದ ಅಧಿಕಾರಿಯಾಗಿಬಿಟ್ಟಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬೇಗ ಬಂದಿದ್ದವರು ಸ್ವಲ್ಪ ಜೋರಾಗಿಯೇ ತಟ್ಟಿದರು.

ಘಟಕಕ್ಕೆ ಪ್ರತಿವರ್ಷ ಐವತ್ತು ಸ್ವಯಂಸೇವಕರು ಬೇಕು. ನಲವತ್ತೊಂಬತ್ತಾದರೆ ಶಿಬಿರ ಮಂಜೂರಾಗುವುದಿಲ್ಲ, ಶಿಬಿರವಿಲ್ಲದಿದ್ದರೆ ಆ ನಲವತ್ತೊಂಬತ್ತು ಮಕ್ಕಳಿಗೂ ಸರ್ಟಿಫಿಕೇಟ್ ಇಲ್ಲ. ಮೊದಮೊದಲು ನಾನು ತರಗತಿಯಿಂದ ತರಗತಿಗೆ ಹೋಗಿ ಸಮಾಜಸೇವೆಯ ಮಹತ್ವವನ್ನು ವಿವರಿಸುತ್ತಿದ್ದೆ. ಮಕ್ಕಳು ಬಹಳ ಶ್ರದ್ಧೆಯಿಂದ ಕೇಳಿ, ಕೊನೆಯಲ್ಲಿ ಟೀ ಶರ್ಟ್ ಕೊಡುತ್ತೀರಾ ಎಂದು ಮಾತ್ರ ಕೇಳುತ್ತಿದ್ದರು. ಆಮೇಲೆ ನಾನೂ ಜಾಣನಾದೆ. ಈಗ ಟೀ ಶರ್ಟಿನಿಂದಲೇ ಮಾತು ಶುರು ಮಾಡಿ, ಶಿಬಿರದಲ್ಲಿ ಸಂಜೆ ಮಂಡಕ್ಕಿ ಮಿರ್ಚಿ ಉಂಟು ಎಂದು ಮುಗಿಸುತ್ತೇನೆ. ಸಮಾಜ ನಡುವೆ ಎಲ್ಲೋ ಬಂದು ಹೋಗುತ್ತದೆ. ಹೀಗೆ ಸೇರಿದವರಿಗೆ ತರಬೇತಿ ಕೊಡುವುದು ಇನ್ನೊಂದು ಪಾಡು. ಪೊರಕೆ ಕೊಟ್ಟರೆ ಮೊದಲು ಫೋಟೋ ತೆಗೆಸಿಕೊಳ್ಳುತ್ತಾರೆ, ಫೋಟೋ ಚೆನ್ನಾಗಿ ಬಂದರೆ ಗುಡಿಸುವ ಅಗತ್ಯ ಅವರಿಗೆ ಕಾಣುವುದಿಲ್ಲ. ಗುಡಿಸುವುದು ಹೇಗೆಂದು ತೋರಿಸಲು ಹೋಗಿ ಒಂದು ವರ್ಷ ಇಡೀ ಕಾಲೇಜಿನ ಅಂಗಳವನ್ನು ನಾನೊಬ್ಬನೇ ಗುಡಿಸಿದ್ದೂ ಉಂಟು.

ಈ ವರ್ಷ ಎಷ್ಟು ತಿಣುಕಿದರೂ ಪಟ್ಟಿ ನಲವತ್ತೊಂಬತ್ತಕ್ಕೆ ನಿಂತಿತು. ಕಳಿಸಲು ಅಂದೇ ಕೊನೆಯ ದಿನ. ಐವತ್ತನೆಯ ಸಾಲು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು. ಕೈ ತಡೆಯಲಿಲ್ಲ. ಸುಲೋಚನಾ ಎಂದು ಬರೆದೆ. ಈಗಿನ ಕಾಲದಲ್ಲಿ ಆ ಹೆಸರನ್ನು ಯಾರೂ ಇಡುವುದಿಲ್ಲವೆಂದು ಬರೆದ ಮೇಲೆ ಹೊಳೆಯಿತು. ಬೆಳಿಗ್ಗೆ ಹರಿಹರದಲ್ಲಿ ಕಂಡಿದ್ದ ಬಸ್ಸಿನ ಬೋರ್ಡು ನೆನಪಾಗಿ ಊರು ಕೊಕ್ಕನೂರು ಎಂದೆ. ಮೊಬೈಲ್ ನಂಬರಿನ ಜಾಗದಲ್ಲಿ ನನ್ನದೇ ಎರಡನೆಯ ನಂಬರು ಹಾಕಿದೆ. ರಕ್ತದ ಗುಂಪಿಗೂ ಒಂದು ಕಾಲಂ ಇತ್ತು. ನೆನಪಿದ್ದದ್ದು ನನ್ನದೊಂದೇ, ಓ ನೆಗೆಟಿವ್. ಅದನ್ನೇ ಬರೆದೆ. ಸಹಿಯನ್ನು ಎಡಗೈಯಲ್ಲಿ ಮಾಡಿದೆ. ಪಟ್ಟಿ ತುಂಬಿದ ಸಂತೋಷಕ್ಕೆ ಆ ದಿನ ಬೆಣ್ಣೆ ದೋಸೆ ತಿಂದು ವಿನೋಬನಗರದ ಮನೆಗೆ ಹೋದೆ.

ಮೊದಲ ಹಾಜರಿಯ ದಿನ ಹೆಸರು ಕೂಗುತ್ತಾ ಬಂದವನು ರಭಸದಲ್ಲಿ ಐವತ್ತನೆಯದನ್ನೂ ಕೂಗಿಬಿಟ್ಟೆ. ಹಿಂದಿನ ಬೆಂಚಿನ ಕಡೆಯಿಂದ ಸಣ್ಣ ದನಿಯೊಂದು "ಹಾಜರ್ ಸಾರ್" ಎಂದಿತು. ನನಗೆ ನಗು ಬಂತು. ಬಾರದವರ ಪರವಾಗಿ ಹಾಜರಿ ಹೇಳುವುದರಲ್ಲಿ ನಮ್ಮ ಮಕ್ಕಳು ಎಷ್ಟು ಪಳಗಿದ್ದಾರೆಂದರೆ ಹುಟ್ಟದವರನ್ನೂ ಬಿಡುವುದಿಲ್ಲ ಅಂದುಕೊಂಡೆ. ತಲೆ ಎತ್ತಿ ನೋಡಿದರೆ ಹಿಂದಿನ ಬೆಂಚಿನಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಫ್ಯಾನಿನ ಕೆಳಗೆ ಮುಂದೆ ಕೂತಿದ್ದರು. ಹಾಜರಿ ಹಾಕಿದೆ. ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಹಾಕದಿರುವುದು ನ್ಯಾಯವಲ್ಲ.

ಶಿಬಿರ ಭಾನುವಳ್ಳಿಯ ಒಂದು ಶಾಲೆಯಲ್ಲಿ ನಡೆಯಿತು. ಕಾಂಪೌಂಡಿನುದ್ದಕ್ಕೂ ಸುಣ್ಣದಲ್ಲಿ ಐವತ್ತು ನಂಬರು ಬರೆಸಿ, ತಲಾ ಒಂದು ಗುಂಡಿ ತೋಡಿ ಹೊಂಗೆ ಸಸಿ ನೆಡಬೇಕೆಂದು ಹಂಚಿಕೊಟ್ಟೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಒಬ್ಬನೇ ತಪಾಸಣೆಗೆ ಹೊರಟೆ. ನೆತ್ತಿಯ ಮೇಲೆ ಬಿಸಿಲು; ಒಂದು ಎಲೆ ಅಲುಗುತ್ತಿರಲಿಲ್ಲ, ಊರಿನ ನಾಯಿಗಳು ಕೂಡ ಸುಮ್ಮನಿದ್ದವು. ಮೊದಲ ನಲವತ್ತೊಂಬತ್ತು ಗುಂಡಿಗಳಲ್ಲಿ ಒಂದು ತೆಂಗಿನಕಾಯಿ ಇಟ್ಟರೆ ಅರ್ಧ ಹೊರಗೆ ಇರುತ್ತಿತ್ತು. ಐವತ್ತನೆಯದು ಮೊಣಕಾಲುದ್ದ ಆಳ, ಅಂಚು ಅಚ್ಚುಕಟ್ಟು, ಸಸಿ ನೆಟ್ಟು ನೀರೂ ಹೊಯ್ದಾಗಿತ್ತು. ಹಸಿ ಮಣ್ಣಿನ ಮೇಲೆ ಗುಂಡಿಯವರೆಗೆ ಬಂದ ಸಣ್ಣ ಬರಿಗಾಲಿನ ಹೆಜ್ಜೆಗಳಿದ್ದವು. ವಾಪಸು ಹೋದ ಹೆಜ್ಜೆ ಒಂದೂ ಇರಲಿಲ್ಲ. ಹೆದರಿಕೆಯಾದದ್ದು ನಿಜ, ಆದರೆ ಆರು ವರ್ಷದಲ್ಲಿ ಮೊದಲ ಸಲ ಸರಿಯಾದ ಗುಂಡಿ ನೋಡಿದ ತೃಪ್ತಿಯೂ ಅದರ ಜೊತೆಗೇ ಆಯಿತೆಂದು ಒಪ್ಪಿಕೊಳ್ಳಬೇಕು.

ಊಟದ ಚಪ್ಪರಕ್ಕೆ ಬಂದವನು ಸಹನಾಳನ್ನು ಕರೆದೆ. ಅವಳು ಕೊನೆಯ ವರ್ಷದ ಬಿ.ಕಾಂ. ಹುಡುಗಿ, ಮಕ್ಕಳ ನಾಯಕಿ, ಘಟಕವನ್ನು ನಿಜವಾಗಿ ನಡೆಸುವವಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಕೇಳಿದಳು.

"ಸಾರ್, ಸುಲೋಚನಕ್ಕ ಯಾವ ಸೆಕ್ಷನ್ನು? ಯಾರ ಜತಿಗೂ ಮಾತಾಡಲ್ಲ. ಬರ್ತಾಳೆ, ಕೆಲಸ ಮಾಡ್ತಾಳೆ, ಹೋಗ್ತಾಳೆ. ಎಲ್ಲಾರೂ ಹಂಗೇ ಇದ್ದಿದ್ರೆ ನಂಗೆ ತಲಿನೋವೇ ಇರ್ತಿರಲಿಲ್ಲ ನೋಡ್ರಿ."

ಅವಳನ್ನು ನೀನು ನೋಡಿದ್ದೀಯಾ ಎಂದು ಕೇಳಬೇಕಿತ್ತು. ಕೇಳಿದರೆ ಅವಳು ಹೌದು ಎಂದಾಳೆಂಬ ಭಯಕ್ಕೆ ಕೇಳಲಿಲ್ಲ. ಶಿಬಿರ ಮುಗಿಸಿ ಬಂದು ಕಾಲೇಜಿನ ನನ್ನ ಕೋಣೆಯ ಬೀರು ತೆರೆದೆ. ಉಳಿದಿದ್ದ ಒಂದೇ ಒಂದು ಟೀ ಶರ್ಟನ್ನು ಅದರಲ್ಲೇ ಬೀಗ ಹಾಕಿ ಇಟ್ಟಿದ್ದೆ, ಕೀಲಿ ನನ್ನ ಜೇಬಿನಲ್ಲೇ ಇತ್ತು. ಕವರು ಬಿಚ್ಚಿತ್ತು. ಒಗೆದು ಮಡಚಿಟ್ಟ ಅಂಗಿಯ ತೋಳು ಇನ್ನೂ ಹಸಿಯಾಗಿತ್ತು, ಕಾಲುವೆ ನೀರಿನ ವಾಸನೆ ಬರುತ್ತಿತ್ತು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಹುಡುಗಿ ಅಂಗಿ ಒಗೆದು ವಾಪಸು ಇಟ್ಟಿದ್ದಾಳೆಂದರೆ ಅದು ನಿಮ್ಮ ಕಾಲೇಜಿನವಳಲ್ಲ ಎಂದಷ್ಟೇ ಹೇಳಿ ಅವಳು ರೊಟ್ಟಿ ತಟ್ಟಲು ಹೋದಳು.

ತಿಂಗಳೊಪ್ಪತ್ತು ಕಳೆದಿರಬೇಕು. ಒಂದು ಮಂಗಳವಾರ ಹನ್ನೊಂದು ಗಂಟೆಗೆ ಎರಡನೆಯ ನಂಬರಿಗೆ ಫೋನು ಬಂತು. ನಾವು ಸ್ವಯಂಸೇವಕರ ಪಟ್ಟಿ ಕೊಟ್ಟಿದ್ದ ಒಂದು ಆಸ್ಪತ್ರೆಯ ರಕ್ತನಿಧಿಯವರು. ಸುಲೋಚನಾ ಇದ್ದಾರಾ ಎಂದರು. ಹೆರಿಗೆಯಾದ ಹೆಣ್ಣುಮಗಳಿಗೆ ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಊರಲ್ಲೆಲ್ಲೂ ಸಿಗುತ್ತಿಲ್ಲ, ಜಲ್ದಿ ಕಳಿಸಿರಿ ಎಂದರು. ಆರು ವರ್ಷದ ಅಭ್ಯಾಸದಲ್ಲಿ ನನ್ನ ನಾಲಿಗೆ ತಾನಾಗಿ "ಈಗ್ಲೇ ಕಳಿಸ್ತೀನಿ ರೀ" ಎಂದಿತು. ಫೋನಿಟ್ಟ ಮೇಲೆ, ಕಳಿಸುವುದು ಯಾರನ್ನು ಎಂದು ಪಟ್ಟಿ ತೆಗೆದು ನೋಡಿದೆ. ಆ ಗುಂಪಿನ ರಕ್ತ ಇಡೀ ಪಟ್ಟಿಯಲ್ಲಿ ಅವಳೊಬ್ಬಳದೇ. ಅಂದರೆ ನನ್ನೊಬ್ಬನದೇ.

ಇಲ್ಲಿ ಇನ್ನೊಂದು ಗುಟ್ಟು ಹೇಳಬೇಕು. ಸೂಜಿಯೆಂದರೆ ನನಗೆ ಜೀವ ಹೋಗುವಷ್ಟು ಹೆದರಿಕೆ. ರಕ್ತದಾನ ಶಿಬಿರಗಳನ್ನು ನಾನೇ ನಡೆಸಿದ್ದೇನೆ. ಎದೆಗೆ ಬ್ಯಾಡ್ಜು ಹಚ್ಚಿಕೊಂಡು, ಬಿಸ್ಕತ್ತು, ಜ್ಯೂಸು ಹಂಚುತ್ತಾ, ಇರುವೆ ಕಚ್ಚಿದಂತೆ ಅಷ್ಟೇ ಎಂದು ಮಕ್ಕಳಿಗೆ ಧೈರ್ಯ ಹೇಳುತ್ತಾ, ಮುಖ ಮಾತ್ರ ಗೋಡೆಯ ಕಡೆ ಮಾಡಿಕೊಂಡು. ನಾನು ಒಮ್ಮೆಯೂ ಕೊಟ್ಟಿಲ್ಲ. ಅಧಿಕಾರಿಗಳು ಓಡಾಡುತ್ತಿರಬೇಕಾಗುತ್ತದೆಂದು ಎಲ್ಲರೂ ತಿಳಿದಿದ್ದರು. ಆ ದಿನವೂ ನಾನು ನೆಟ್ಟಗೆ ಆಸ್ಪತ್ರೆಗೆ ಹೋಗಲಿಲ್ಲ. ಕಾಫಿ ಕುಡಿದೆ. ಗಾಡಿಯ ಗಾಳಿ ಸರಿಯಿದ್ದರೂ ನಿಂತು ಗಾಳಿ ಹಾಕಿಸಿದೆ. ಆಸ್ಪತ್ರೆಯನ್ನು ಎರಡು ಸುತ್ತು ಹಾಕಿದೆ. ಒಳಗೆ ಒಬ್ಬ ತಾಯಿಯ ಜೀವ ಹೋಗುತ್ತಿರುವಾಗ ಹೊರಗೆ ನಾನು ಹೀಗೆ ಮುಕ್ಕಾಲು ಗಂಟೆ ಕಳೆದೆನೆಂಬುದು ಹೇಳಿಕೊಳ್ಳುವ ಮಾತಲ್ಲ, ನಾಚಿಕೆಯ ಮಾತು.

ಕೊನೆಗೆ ಒಳಗೆ ಹೋದೆ. ರಕ್ತನಿಧಿಯ ಬಾಗಿಲಲ್ಲಿ ಕೂತಿದ್ದ ಒಬ್ಬ ನನ್ನ ಎದೆಯ ಮೇಲಿದ್ದ ಘಟಕದ ಬ್ಯಾಡ್ಜು ನೋಡಿ ಎದ್ದು ಕೈ ಮುಗಿದ. ಭಾನುವಳ್ಳಿಯವನು, ಬಸವರಾಜ ಎಂದು ಹೆಸರು, ಭತ್ತ ಕೊಯ್ಯುವ ಯಂತ್ರದ ಡ್ರೈವರು. ಒಳಗಿದ್ದವಳು ಅವನ ಹೆಂಡತಿ. ತಡವಾಯಿತು, ಕ್ಷಮಿಸಪ್ಪ ಎಂದೆ. ಅವನು ನನ್ನ ಕೈ ಹಿಡಿದುಕೊಂಡ.

"ನಿಮ್ಮ ಹುಡುಗಿ ಆಗ್ಲೇ ಬಂದು ಕೊಟ್ಟು ಹೋದ್ಲು ಸಾರ್. ಬರಿಗಾಲಾಗೆ ಬಂದಿದ್ಲು ಪಾಪ, ಒಂದು ಗ್ಲಾಸ್ ಜ್ಯೂಸೂ ಬ್ಯಾಡ ಅಂದ್ಲು. ನಮ್ಮ ಸಾರ್‌ಗೆ ಸೂಜಿ ಅಂದ್ರೆ ಹೆದ್ರಿಕೆ ಐತೆ, ಅವ್ರು ಬರಾದು ತಡ ಆಗ್ತದೆ, ಅದ್ಕೇ ನಾನು ಮುಂಚೆ ಬಂದೆ ಅಂದ್ಲು."

ಸೂಜಿಯ ವಿಷಯ ನನ್ನ ಹೆಂಡತಿಗೂ ಗೊತ್ತಿಲ್ಲ. ರಿಜಿಸ್ಟರು ತೋರಿಸಿರಿ ಎಂದೆ. ಹೆಸರಿನ ಮುಂದೆ ಸಹಿ ಇತ್ತು: ನನ್ನ ಎಡಗೈಯ ಅದೇ ವಕ್ರ ಅಕ್ಷರ, ಶಾಯಿ ಇನ್ನೂ ಆರಿರಲಿಲ್ಲ. ಭಯ ಆಮೇಲೆ ಬಂತು. ಅದಕ್ಕೂ ಮೊದಲು ಬಂದದ್ದು, ಸದ್ಯ ನಾನು ಚುಚ್ಚಿಸಿಕೊಳ್ಳುವುದು ತಪ್ಪಿತಲ್ಲ ಎಂಬ ನಿರಾಳ. ಆ ನಿರಾಳಕ್ಕೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಅಷ್ಟರಲ್ಲಿ ಒಳಗಿನಿಂದ ಬಂದ ರಕ್ತನಿಧಿಯವನು, ಇನ್ನೊಂದು ಬಾಟಲಿ ಬೇಕು, ಆ ಹುಡುಗಿಯದನ್ನು ಮತ್ತೆ ತೆಗೆಯುವ ಹಾಗಿಲ್ಲ, ನಿಮ್ಮ ಗುಂಪು ಯಾವುದು ಸಾರ್ ಎಂದ. ಬಸವರಾಜ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬಾಗಿಲ ಕಡೆ ನೋಡಿದೆ. ಈ ಸಲ ಯಾರೂ ಬರಲಿಲ್ಲ. ಗುಂಪು ಹೇಳಿ ಅಂಗಿಯ ತೋಳು ಮಡಚಿದೆ. ಅವನು ಇರುವೆ ಕಚ್ಚಿದಂತೆ ಅಷ್ಟೇ ಎಂದ. ಅದು ಇರುವೆ ಕಚ್ಚಿದಂತೆ ಏನೂ ಇರಲಿಲ್ಲ. ಇಷ್ಟು ವರ್ಷ ಎಷ್ಟು ಮಕ್ಕಳಿಗೆ ಸುಳ್ಳು ಹೇಳಿದ್ದೆನೆಂದು ಮಲಗಿಕೊಂಡೇ ಲೆಕ್ಕ ಹಾಕಿದೆ.

ತಾಯಿ ಉಳಿದಳು, ಮಗುವೂ ಚೆನ್ನಾಗಿದೆ. ಹದಿನೈದು ದಿನಕ್ಕೆ ಆಸ್ಪತ್ರೆಯಿಂದ ಕಾಲೇಜಿಗೆ ಪತ್ರ ಬಂತು. ಪ್ರಿನ್ಸಿಪಾಲರು ನನ್ನನ್ನು ಕರೆಸಿ ಗಟ್ಟಿಯಾಗಿ ಓದಿದರು: ನಿಮ್ಮ ಘಟಕದ ಸ್ವಯಂಸೇವಕಿ ಸುಲೋಚನಾ ಅವರಿಗೂ, ಅವರ ನಂತರ ಬಂದಿದ್ದ, ಗಡಿಬಿಡಿಯಲ್ಲಿ ಹೆಸರು ಬರೆದುಕೊಳ್ಳಲಾಗದ ಇನ್ನೊಬ್ಬರಿಗೂ ಧನ್ಯವಾದಗಳು. ಸುಲೋಚನಾ ಸರಿ, ಈ ಇನ್ನೊಬ್ಬರು ಯಾರ್ರೀ, ನಮ್ಮ ಸ್ವಯಂಸೇವಕರೇನಾ ಎಂದು ಕೇಳಿದರು.

ಪಟ್ಟಿ ನೋಡಿ ಹೇಳುತ್ತೇನೆ ಎಂದು ಹೊರಬಂದೆ. ನಿಜವಾಗಿಯೂ ಕೂತು ಐವತ್ತೂ ಹೆಸರುಗಳನ್ನು ಓದಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ, ಬರೆಯೋಣವೆಂದರೆ ಖಾಲಿ ಸಾಲೂ ಇರಲಿಲ್ಲ. ಅಲ್ಲರೀ ಸಾರ್, ಅವರು ನಮ್ಮವರಲ್ಲ ಎಂದು ಹೋಗಿ ಹೇಳಿದೆ.