ಸಕ್ಕರೆ ನೀರಿನ ಸರ್ವಾಧಿಕಾರಿಗಳಿಗೆ ಒಂದು ಅಹವಾಲು

ಗೆ,
ಕೆಂಪುಕೊರಳಿನ ಗಂಡು ಝೇಂಕಾರ ಹಕ್ಕಿ (ಹಮ್ಮಿಂಗ್‌ಬರ್ಡ್) ಅವರು,
ನಮ್ಮ ಹಿತ್ತಲಿನ ಮರದ ಒಣಕೊಂಬೆ, ಕೆಂಟಕಿ

ಮಾನ್ಯರೇ,

ಒಂದು ಚಿಲ್ಲರೆ ಕಾಸಿನಷ್ಟು ತೂಗುವ ತಮ್ಮ ದಿವ್ಯ ಶರೀರಕ್ಕೂ, ಅದರೊಳಗೆ ಹೇಗೋ ತುರುಕಿಕೊಂಡಿರುವ ಆನೆಗಾತ್ರದ ಗತ್ತಿಗೂ ಪ್ರತ್ಯೇಕವಾಗಿ ನಮಸ್ಕಾರಗಳು.

ನಮ್ಮ ಕೌಂಟಿಯಲ್ಲಿ ಮದ್ಯ ಮಾರುವಂತಿಲ್ಲವೆಂಬುದು ಎಲ್ಲರಿಗೂ ಗೊತ್ತು. ಸಕ್ಕರೆ ನೀರಿಗೂ ಪಾನನಿಷೇಧ ವಿಸ್ತರಿಸಿದ ಕೀರ್ತಿ ಮಾತ್ರ ತಮ್ಮದು. ನಾಲ್ಕು ಲೋಟ ನೀರಿಗೆ ಒಂದು ಲೋಟ ಸಕ್ಕರೆ ಕದಡಿ, ಆರಿಸಿ, ಅಡುಗೆಮನೆಯ ಕಿಟಕಿಯೆದುರು ನಾನು ತೂಗುಹಾಕಿದ ಬಾಟಲಿಯಿಂದ ತಾವು ಒಂದು ಗುಟುಕು ಹೀರಿ, ಉಳಿದ ಹೊತ್ತೆಲ್ಲ ಕಾವಲು ಕೂತು, ಹತ್ತಿರ ಸುಳಿದ ಹೆಣ್ಣುಗಳನ್ನೂ ಮರಿಗಳನ್ನೂ ಕತ್ತಿ ಹಿರಿದವರಂತೆ ಅಟ್ಟುತ್ತೀರಿ.

ಆ ಬಾಟಲಿ ಕಟ್ಟಿದ್ದು, ಸೊಂಟದ ಆಪರೇಷನ್ ಆಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಬೇರುಬಿಟ್ಟ ನನ್ನ ಹೆಂಡತಿ ಆರ್ಡಿತ್‌ಗೆ ಹಕ್ಕಿಗಳ ಹಿಂಡು ತೋರಿಸಲೆಂದು. ನಡೆಯದಿದ್ದರೆ ಕುರ್ಚಿಯೇ ಗತಿಯೆಂದು ಡಾಕ್ಟರು ಹೆದರಿಸಿದರೂ ಅವಳು ವಾಕರ್ ಮುಟ್ಟುತ್ತಿರಲಿಲ್ಲ. "ಎದ್ದು ಹೋಗಿ ನೋಡೋಕೆ ಏನಿದೆ ಈ ಮನೇಲಿ, ನಿನ್ ಮುಖಾನಾ?" ಎಂದು ನನ್ನನ್ನೇ ಕೇಳುತ್ತಿದ್ದಳು.

ನಾನು ಉದಾರಿಯಾಗಿ ಪಕ್ಕದಲ್ಲೇ ಇನ್ನೊಂದು ಬಾಟಲಿ ಕಟ್ಟಿದೆ. ತಾವು ಎರಡರ ನಡುವೆ ಸಿಂಹಾಸನ ಹಾಕಿದಿರಿ. ಬೇಲಿಯಾಚೆಯ ಓಪಲ್ ಹಣೆ ಚಚ್ಚಿಕೊಂಡಳು: "ಅಯ್ಯೋ ಪೆದ್ದಪ್ಪಾ, ಎರಡನ್ನೂ ಅವನ ಕೊಕ್ಕಿನ ಕೆಳಗೇ ಕಟ್ಟಿ ಜಮೀನ್ದಾರನ್ನ ಮಾಡಿದ್ಯಲ್ಲೋ! ಒಂದನ್ನ ಮನೆ ಆಚೆ ಮೂಲೇಲಿ ಕಟ್ಟು, ಅವನ ಕಣ್ಣಿಗೆ ಬೀಳಬಾರದು."

ಹಾಗೇ ಮಾಡಿದೆ. ತಮ್ಮ ಕಣ್ಣಿಗೂ ಬೀಳಲಿಲ್ಲ, ಆರ್ಡಿತ್ ಕಣ್ಣಿಗೂ ಬೀಳಲಿಲ್ಲ! ಆ ಮೂಲೆಗೆ ತೆರೆಯುವ ಮಲಗುವ ಕೋಣೆಯ ಕಿಟಕಿಯಿಂದ ನಾನು "ಬೇಗ ಬಾರೇ, ನಾಲ್ಕು ಒಟ್ಟಿಗೇ ಕುಡೀತಿವೆ!" ಎಂದು ಕೂಗಿದಾಗ, "ಸುಳ್ಳು ಬೊಗಳ್ಬೇಡ" ಎಂದವಳು, ಸುಳ್ಳನ್ನು ಕೈಯಾರೆ ಹಿಡಿಯುವ ಹುಮ್ಮಸ್ಸಿನಲ್ಲಿ ವಾಕರ್ ಎಳೆದುಕೊಂಡು, ಊಟದ ಮೇಜಿನ ಬಳಿ ಉಸ್ಸೆಂದು ನಿಂತು, ನನ್ನನ್ನೂ ಡಾಕ್ಟರನ್ನೂ ಒಟ್ಟಿಗೇ ಬೈದು, ಬಂದೇಬಿಟ್ಟಳು. ಈಗ ಅಲ್ಲಿ ಹಿಂಡನ್ನು ನೋಡುವುದು, ಅಡುಗೆಮನೆಗೆ ಮರಳಿ ತಮ್ಮನ್ನು ಗೇಲಿ ಮಾಡುವುದು, ಮತ್ತೆ ಅಲ್ಲಿಗೆ. ಇದೆಲ್ಲ ತನ್ನ ಚಿಕಿತ್ಸೆಯ ಫಲವೆಂದು ಡಾಕ್ಟರು ಬೀಗುತ್ತಿದ್ದಾರೆ. ನಿಜವಾದ ವೈದ್ಯರು ತಾವೆಂದು ಅವರಿಗೆ ಹೇಳಲು ನನಗೆ ಧೈರ್ಯವಾಗಲಿಲ್ಲ.

ಆದಕಾರಣ, ತಾವು ದಬ್ಬಾಳಿಕೆಯನ್ನು ಎಂದಿನ ಶ್ರದ್ಧೆಯಿಂದ ಮುಂದುವರಿಸಬೇಕಾಗಿಯೂ, ಆರ್ಡಿತ್ ವಾಕರ್ ಬಿಡುವವರೆಗೆ ಚಳಿಗಾಲ ಕಳೆಯಲು ಹೋಗುವ ದಕ್ಷಿಣದ ಪ್ರವಾಸ ಮುಂದೂಡಬೇಕಾಗಿಯೂ ಕೋರುತ್ತೇನೆ. ಚಳಿಯಾದರೆ ನನ್ನ ಉಣ್ಣೆಯ ಕೈಗವಸಿನ ಒಂದು ಬೆರಳು ತಮಗೆ ಓವರ್‌ಕೋಟಾದೀತು.

ಇಂತು ತಮ್ಮ ವಿಶ್ವಾಸಿ, ಹಾಗೂ ಸಂಬಳವಿಲ್ಲದ ಅಡುಗೆಭಟ್ಟ,
ವರ್ನನ್ ಸ್ಟ್ಯಾಂಪರ್

ತಾ.ಕ.: ತಾವು ಪ್ರಾಣ ಪಣಕ್ಕಿಟ್ಟು ಕಾಯುತ್ತಿರುವ ಬಾಟಲಿ ನಿನ್ನೆಯಿಂದ ಖಾಲಿ. ತುಂಬಲು ಹೋದರೆ ಆರ್ಡಿತ್ ಬಿಡಲಿಲ್ಲ. ಕುರ್ಚಿಯಿಂದಲ್ಲ, ಬಾಗಿಲಲ್ಲಿ ನಿಂತೇ ಹೇಳಿದಳು: "ಇರ್ಲಿ ಬಿಡು, ಒಳಗೇನೂ ಇಲ್ದಿದ್ರೂ ಎಷ್ಟು ಗತ್ತಿಂದ ಕಾಯ್ತಾನೆ ನೋಡು! ಮುಂದಿನ ಸಲ ಕೌಂಟಿ ಚುನಾವಣೆಗೆ ಇವನನ್ನೇ ನಿಲ್ಲಿಸೋಣ."