ದತ್ತುವಿನ ಸರದಿ

ಬಿಂದುಮಾಧವ ಫ್ಲಾಪಿಯನ್ನು ಹೊರತೆಗೆದು, ಊದಿ, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಒಳಗೆ ತುರುಕಿದ. ಕಂಪ್ಯೂಟರು ಹೊಟ್ಟೆನೋವಿನ ಎಮ್ಮೆಯಂತೆ ನರಳಿ ಅದೇ ಮಾತನ್ನು ಮತ್ತೆ ತೋರಿಸಿತು: ಆಟದ ಹೊಸ ಭಾಗದಲ್ಲಿ ಉಳಿಸಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ.

“ದತ್ತು ಎಕ್ಸ್‌ಪಾನ್ಷನ್ ಹಾಕ್ಯಾನ,” ಎಂದ ಬಿಂದುಮಾಧವ, ಮನೆಗೆ ಕಳ್ಳ ಹೊಕ್ಕಿದ್ದಾನೆ ಎನ್ನುವ ದನಿಯಲ್ಲಿ.

ಶನಿವಾರದ ಅರ್ಧ ದಿನದ ಬ್ಯಾಂಕು ಮುಗಿಯುತ್ತ ಬಂದಿತ್ತು. ಸಾಲದ ವಿಭಾಗದ ರೇವಣಪ್ಪ, ಕ್ಯಾಷ್ ಕೌಂಟರಿನ ಮಂದಾಕಿನಿಬಾಯಿ ಇಬ್ಬರೂ ಕುರ್ಚಿ ಬಿಟ್ಟು ಅವನ ಬೆನ್ನ ಹಿಂದೆ ಬಂದು ನಿಂತರು. ಔರಂಗಾಬಾದಿನ ಆ ಶಾಖೆಯಲ್ಲಿ ಆಟ ಆಡುವವನು ಬಿಂದುಮಾಧವ ಒಬ್ಬನೇ. ಅಭಿಪ್ರಾಯ ಮಾತ್ರ ಎಲ್ಲರಿಗೂ ಇತ್ತು.

ಅದು ರಾಜ್ಯ ಕಟ್ಟುವ ಆಟ. ಒಬ್ಬ ತನ್ನ ಸರದಿ ಮುಗಿಸುವ ತನಕ ಇನ್ನೊಬ್ಬ ಕಾಯಬೇಕು. ಅವನು ಮತ್ತು ದತ್ತು, ಇಬ್ಬರೂ ಧಾರವಾಡದ ಕಡೆಯವರು, ಒಂದೇ ಶಾಖೆಯಲ್ಲಿದ್ದಾಗ ಊಟದ ಬಿಡುವಿನಲ್ಲಿ ಅಕ್ಕಪಕ್ಕ ಕೂತು ಶುರುಮಾಡಿದ್ದು. ಆಮೇಲೆ ದತ್ತುವಿಗೆ ನಾಸಿಕದ ದೊಡ್ಡ ಕಚೇರಿಗೆ ವರ್ಗವಾಯಿತು. ಆಟ ನಿಲ್ಲಲಿಲ್ಲ. ಬ್ಯಾಂಕಿನ ಟಪಾಲು ಚೀಲದಲ್ಲಿ ವೋಚರುಗಳ ನಡುವೆ ಫ್ಲಾಪಿಯೊಂದು ಹೋಗುತ್ತಿತ್ತು, ಬರುತ್ತಿತ್ತು. ಕಳೆದ ವರ್ಷ ಹೆಂಡತಿ ಗೋದಾವರಿ ತೀರಿಕೊಂಡ ಮೇಲೆ, ತನ್ನನ್ನೇ ಹುಡುಕಿಕೊಂಡು ಬರುವಂಥದ್ದು ಎಂದು ಬಿಂದುಮಾಧವನಿಗೆ ಉಳಿದಿದ್ದು ಅದೊಂದೇ. ದತ್ತು ಎಲ್ಲಿ ಕೋಟೆ ಕಟ್ಟಿದ, ಎಲ್ಲಿ ಕುದುರೆ ನಿಲ್ಲಿಸಿದ ಎಂದು ನೋಡುತ್ತ ಅವನು ಗೆಳೆಯನ ಕೆಮ್ಮನ್ನೂ ಕೇಳಿಸಿಕೊಳ್ಳುತ್ತಿದ್ದ.

“ಆ ಹೊಸಾ ಭಾಗ ಸುಮಾರ ಅದ್ರಿ,” ಎಂದ ಬೀದರಿನ ರೇವಣಪ್ಪ. ಅವನು ಜನ್ಮದಲ್ಲಿ ಮೌಸ್ ಮುಟ್ಟಿದವನಲ್ಲ. “ಹಡಗ ಕೊಟ್ಟಾರಂತ. ನಳಕ್ಕ ನೀರಿಲ್ಲದ ಊರಾಗ ಕುಂತು ಹಡಗ ತಗೊಂಡು ಏನ್ ಮಾಡ್ತೀರಿ?”

“ಹಡಗ ಬಿಡ್ರಿ, ಆನಿ ಕೆಡಿಸ್ಯಾವ,” ಎಂದರು ಸೋಲಾಪುರದ ಮಂದಾಕಿನಿಬಾಯಿ. ಅವರ ಅಣ್ಣನ ಮಗ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿದ್ದ. “ಆನಿ ಇದ್ದಾಂವನ ಗೆಲ್ಲತಾನಂತ. ಇಡೀ ಹಾಸ್ಟೆಲ್ ಆಟಾ ಬಿಟ್ಟು ಅಭ್ಯಾಸಕ್ಕ ಕುಂತದ. ಏಕದಮ್ ಬಕ್ವಾಸ್!”

“ನನಗ ಹಡಗೂ ಬ್ಯಾಡ, ಆನಿನೂ ಬ್ಯಾಡ. ಅದರ ಸಿಡಿ ಬೇಕು. ಇಲ್ಲಂದ್ರ ಆಟ ಇಲ್ಲಿಗೆ ಮುಗೀತು.”

“ಟಪಾಲಿನ್ಯಾಗ ತರಿಸ್ರಿ,” ಎಂದ ರೇವಣಪ್ಪ.

“ಚೀಲಾ ಬರೂದು ಇನ್ನ ಮುಂದಿನ ವಾರ. ಅಲ್ಲಿತನಕ ಏನ್ ಮಾಡ್ಲಿ?”

ಇಬ್ಬರೂ ತಮ್ಮ ಅಭಿಪ್ರಾಯಗಳೊಂದಿಗೆ ಕುರ್ಚಿಗೆ ಮರಳಿದರು.

ತಾನೇ ನಾಸಿಕಕ್ಕೆ ಹೋಗಿ ಸಿಡಿ ತರುವುದೆಂದರೆ ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಲೆಕ್ಕ ಹೊಂದುವ ತನಕ ಸಾಹೇಬರು ಯಾರನ್ನೂ ಬಿಡುವವರಲ್ಲ. ಬಿಂದುಮಾಧವ ಅವರ ಕೋಣೆಗೆ ಹೋಗಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: “ಸರ್, ನಾಸಿಕದಾಗ ದತ್ತೂಂದು ಭಾಳ ಸೀರಿಯಸ್ ಅದ.”

ಸಾಹೇಬರು ಎದ್ದುನಿಂತು ಅವನ ಹೆಗಲು ತಟ್ಟಿ ಕಳಿಸಿಕೊಟ್ಟರು.

ಯೇವಲಾ ದಾಟುವಷ್ಟರಲ್ಲಿ ಬಸ್ಸು ಕೆಮ್ಮಿ, ಹೊಗೆಬಿಟ್ಟು, ನಿಂತೇಬಿಟ್ಟಿತು. ಬಿಂದುಮಾಧವ ಕೈ ಬೀಸಿ ಒಂದು ಈರುಳ್ಳಿ ಟೆಂಪೋ ನಿಲ್ಲಿಸಿದ. ಒಳಗೆ ಜಾಗವಿರಲಿಲ್ಲ. ಹಿಂದೆ ಒಡೆದ ಮೂಟೆಗಳ ಮೇಲೆ ಕೂತು ನಾಸಿಕ ತಲುಪುವಾಗ ಅವನ ಕಣ್ಣು ಕೆಂಡವಾಗಿ, ಮೂಗು ನಲ್ಲಿಯಂತೆ ಸೋರುತ್ತಿತ್ತು. ದತ್ತುವಿನ ಕಾಲನಿಯ ಗೇಟಿನಲ್ಲಿ ಮುದುಕಿಯೊಬ್ಬಳು ಅವನನ್ನು ನೋಡಿ ಮರುಗಿದಳು. “ರಡೂ ನಕಾ ಭಾವೂ, ಅಳಬ್ಯಾಡ. ದೇವರ ಮುಂದ ಯಾರದೂ ನಡ್ಯಂಗಿಲ್ಲ.”

ಬಿಂದುಮಾಧವನಿಗೆ ಅರ್ಥವಾಗಲಿಲ್ಲ. ಮೇಲೆ ಹೋದ. ದತ್ತುವಿನ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು.

ಗೋದಾವರಿ ಹೋದ ದಿನ ತನ್ನ ಬಾಗಿಲಲ್ಲೂ ಹೀಗೇ ಬಿದ್ದಿತ್ತು. ನಾನು ಬರೀ ಸುಳ್ಳು ಹೇಳಿದ್ದು, ನೀನ್ಯಾಕೆ ಅದನ್ನು ನಿಜ ಮಾಡಿದೆ ಎಂದು ಯಾವ ದೇವರನ್ನೆಂದು ತಿಳಿಯದೆ ಕೇಳಿದ. ಗೋಡೆ ಹಿಡಿದು ಒಳಗೆ ಕಾಲಿಟ್ಟ.

ಒಳಗೆ ದತ್ತು ಬನಿಯನ್ನು ತೊಟ್ಟು, ಬಾಳೆಹಣ್ಣು ಮೋಸಂಬಿಗಳ ರಾಶಿಯ ನಡುವೆ ಚೌತಿಯ ಗಣಪನಂತೆ ಕೂತಿದ್ದ.

“ಬಾರೋ ಯಮದೂತ! ನನಗ ಏನಾಗೇದ ನೀನರ ಹೇಳು. ನಿಮ್ಮ ಸಾಹೇಬ ನಮ್ಮ ಆಫೀಸಿಗೆ ಫೋನ್ ಮಾಡ್ಯಾನ. ನಾ ಇವತ್ತ ರಜಾ ಹಾಕಿದ್ದೆ ನೋಡು, ಎಲ್ಲಾರೂ ಖರೇನ ಅಂದ್ಕೊಂಡು ಓಡಿ ಬಂದಾರ!”

ದತ್ತು ಗಟ್ಟಿಮುಟ್ಟಾಗಿದ್ದಾನೆಂದು ಖಾತ್ರಿಯಾದ ಮೇಲೆ ಬಂದವರು ಕೊಂಚ ನಿರಾಶೆಯಿಂದಲೇ ಎದ್ದರು. ಒಬ್ಬಾತ ತಾನು ತಂದಿದ್ದ ಮೋಸಂಬಿಯನ್ನು ವಾಪಸ್ಸು ಒಯ್ದ. ದತ್ತುವಿನ ಹೆಂಡತಿ ವಸುಧಾ ಚಹಾ ತಂದಿಟ್ಟಳು. ಬಿಂದುಮಾಧವ ಸಿಡಿಯ ವಿಷಯ ಹೇಳಿದಾಗ ದತ್ತು ಹೊಟ್ಟೆ ಹಿಡಿದು ನಕ್ಕ.

“ಇಷ್ಟಕ್ಕ ಇಷ್ಟ ದೂರ ಬಂದ್ಯಾ?”

“ಇಷ್ಟಕ್ಕಷ್ಟ ಅಲ್ಲ.” ಬಿಂದುಮಾಧವ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. “ಗೋದಾವರಿ ಹೋದಾಗ ನೀ ಬರಲಿಲ್ಲ. ಮಂದಿ ಏನೇನರ ಅಂದ್ರು. ಆದ್ರ ಆ ವಾರದ ಫ್ಲಾಪಿ ಹಾಕಿ ನೋಡ್ತೀನಿ, ನನ್ನ ರಾಜಧಾನಿ ಬಾಗಲಕ್ಕ ನಿಂತಿದ್ದ ನಿನ್ನ ದಂಡು ಅಷ್ಟೂ ಹಿಂದಕ ಹೋಗಿತ್ತು. ಒಂದ ಏಟಿಗೆ ಗೆಲ್ಲಬಹುದಿತ್ತು ನೀ. ನಾ ಅಲ್ಲೇ ಬ್ಯಾಂಕಿನ್ಯಾಗ ಕುಂತು ಅತ್ತೆ. ಅವತ್ತಿಂದ ನಿನಗ ಅದನ್ನ ಹೇಳೂದಿತ್ತು.”

ದತ್ತು ವಸುಧಾಳ ಮುಖ ನೋಡಿದ. ವಸುಧಾ ನೆಲ ನೋಡಿದಳು.

“ಯಾವ ದಂಡೋ?” ಎಂದ ದತ್ತು.

“ಹೇಳಿಬಿಡ್ರಿ ಅತ್ಲಾಗ,” ಎಂದಳು ವಸುಧಾ.

“ಇಲ್ಲಿ ಬಂದಮ್ಯಾಲೆ ನನಗ ಟೈಮ್ ಎಲ್ಲಿ ಅದ ಮಾರಾಯಾ? ಒಂದು ಕೀ ಒತ್ತಿದ್ರ ನನ್ನ ಸರದಿ ಕಂಪ್ಯೂಟರ್ ತಾನ ಆಡತಿತ್ತು. ನಿಲ್ಲಿಸಿದ್ರ ನಿನಗ ಬ್ಯಾಸರ ಆದೀತಂತ ಒತ್ತಿ ಕಳಸತಿದ್ದೆ. ಹೊಸಾ ಭಾಗ ಯಾಕ ಹಾಕಿದೆ ಅಂತೀ? ಅದರಾಗ ಆ ಕೀ ಸುದ್ದಾ ಒತ್ತೂದು ಬ್ಯಾಡ. ಉಳದದ್ದೆಲ್ಲಾ ಸುಮಾರ, ಅದೊಂದ ಛೊಲೋ ಮಾಡ್ಯಾರ.”

ಬಿಂದುಮಾಧವ ಚಹಾದ ಕಪ್ಪು ಎತ್ತಿದ. ಕುಡಿಯದೆ ಕೆಳಗಿಟ್ಟ. ಹೊರಗೆ ಯಾರೋ ತಮ್ಮ ಇನ್ನೊಂದು ಚಪ್ಪಲಿ ಹುಡುಕುತ್ತ ಗೊಣಗುತ್ತಿದ್ದರು.

ದತ್ತುವಿಗೆ ಈಗ ಕೆಟ್ಟದೆನಿಸಿತು. ಎದ್ದು ಅಂಗಿ ತೊಟ್ಟ, ಗೂಟದಿಂದ ಕಚೇರಿಯ ಚಾವಿ ತೆಗೆದ.

“ಏಳು, ಆಫೀಸಿಗೆ ಹೋಗೂಣು. ಇವತ್ತ ನಾನ ಆಡತೀನಿ, ನನ್ನ ಕೈಯಾರೆ. ಮೊದಲಿನಂಗ ಬಾಜೂಕ ಕೂಡು. ಬೇಕಾದ್ರ ನಿನ್ನೆದುರಿಗೇ ದಂಡು ಹಿಂದಕ ತಗೋತೀನಿ. ಏಳೋ ಬಿಂದ್ಯಾ.”

“ಒಲ್ಲೆ,” ಎಂದ ಬಿಂದುಮಾಧವ. “ಅವತ್ತ ದಂಡು ಹಿಂದಕ ತಗೊಂಡಾಂವ ನೀ ಅಲ್ಲ.”