ಕಾಲು ಖರೆ, ಮಾತು ಸುಳ್ಳು

ಕಚೇರಿ ಮೆಟ್ಟಿಲು ಹತ್ತಿದವರೆಲ್ಲ ಅತ್ತುಕೊಂಡು ಇಳಿಯುತ್ತಾರಂತೆ. ನಾನು ಹತ್ತಿದರೆ ಮಾತ್ರ ಕಚೇರಿಯವರೇ ನಕ್ಕು ಕಣ್ಣೊರೆಸಿಕೊಳ್ಳುತ್ತಾರೆ. ಯಾವ ಗ್ರಹಚಾರವೋ, ಇಂಥವು ನನ್ನ ಬೆನ್ನು ಬಿಡುವುದಿಲ್ಲ.

ನಮ್ಮೂರು ಸುರೇಬಾನ. ಹರೆಯದಲ್ಲಿ ನಾನು ಪೈಲವಾನ. ಕಿತ್ತೂರಲ್ಲಿ ತೊಡೆ ತಟ್ಟಿದರೆ ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬಿನ ಗಾಡಿಯ ಎತ್ತುಗಳು ನೊಗ ಕಿತ್ತುಕೊಂಡು ಓಡುತ್ತಿದ್ದವು. ಬೇಕಾದರೆ ಆ ಎತ್ತುಗಳನ್ನೇ ಕೇಳಿರಿ. ಈಗ ಬಲಗಾಲು ಮಡಚುವುದಿಲ್ಲ, ಒನಕೆ ಇದ್ದಂಗ ಐತಿ. ಹೆಂಡತಿ ಖಾನಾವಳಿಗೆ ರೊಟ್ಟಿ ಬಡಿದು ಮನೆ ನಡೆಸುತ್ತಾಳೆ. ಬಡಿದು ಬಡಿದು ಅವಳ ಮುಂಗೈ ಬಾತಿದೆ. “ನಿಮ್ಮ ಕಾಲಿನ ಪಗಾರ ಬಂದ್ರ ನಾ ರೊಟ್ಟಿ ಬಿಡತೇನ್ರಿ” ಅಂದಿದ್ದಳು. ಡಾಕ್ಟರು ಕಾಲು ನೋಡಿ ಅಂಗವಿಕಲ ಅಂತ ಕಾರ್ಡು ಕೊಟ್ಟರು, ಅಂಗವಿಕಲರ ಪಗಾರಕ್ಕೆ, ಅಂದರೆ ಸರಕಾರದ ಮಾಸಾಶನಕ್ಕೆ, ಅರ್ಜಿ ಹಾಕಿದೆವು.

ತಲಾಠಿ ಬಂದದ್ದು

ವಿಚಾರಣೆಗೆ ಊರ ಲೆಕ್ಕ ಬರೆಯುವ ತಲಾಠಿ ಬಂದಾಗ ನಾನು ಕಟ್ಟೆಯ ಮೇಲೆ ಹತ್ತು ಮಂದಿಯ ನಡುವೆ ಕುಂತಿದ್ದೆ.

“ಅಜ್ಜಾರ, ದುಡಿಯಾಕ ಆಗೂದಿಲ್ಲೇನ್ರಿ?”

ಹತ್ತು ಮಂದಿಯ ಕಿವಿ ನೆಟ್ಟಗಾದವು. ಆಗುವುದಿಲ್ಲ ಅಂತ ಹೆಂಗ ಹೇಳಲಿ? “ಜ್ವಾಳದ ಚೀಲ ಇವತ್ತಿಗೂ ಹಲ್ಲಿಲೆ ಎತ್ತತೇನಿ. ಕುಸ್ತಿಗೆ ಬರಾವ ಇದ್ರ ಬರ್ಲಿ. ಈ ಬೆನ್ನಿಗೆ ಮಣ್ಣು ಹಚ್ಚಾವ ಇನ್ನೂ ಹುಟ್ಟಿಲ್ಲ” ಅಂದೆ.

ತಲಾಠಿ ಒಂದಕ್ಷರ ಬಿಡದೆ ಬರೆದುಕೊಂಡ. ಹೊಗಳಿ ಬರೆಯುತ್ತಾನೆ ಅಂತ ತಿಳಿದು, ಒಂದು ಹೆಬ್ಬೆಟ್ಟು ಕೇಳಿದರೆ ಎರಡು ಒತ್ತಿದೆ.

ಅರ್ಜಿ ತಿರಸ್ಕಾರವಾಯಿತು. ಅರ್ಜಿದಾರ ಗಟ್ಟಿಮುಟ್ಟಾಗಿದ್ದಾನೆ, ಚೀಲ ಎತ್ತುತ್ತಾನೆ ಅಂತ ಕಾರಣ. ಓದಿಸಿ ಕೇಳಿದ ಹೆಂಡತಿ ನನ್ನ ಬಾಯಿ ನೋಡಿದಳು. “ಚೀಲ ಯಾವ ಹಲ್ಲಿಲೆ ಎತ್ತತೀರಿ? ಬಾಯಾಗ ಇರೂವು ಎರಡ ಅದಾವು.”

ಆಧಾರದ ವಯಸ್ಸು

ರಾಮದುರ್ಗದ ಕಚೇರಿಯ ಕಾರಕೂನ ಒಳ್ಳೆಯವ. “ಬೈಲಹೊಂಗಲದ ದೊಡ್ಡ ಸಾಹೇಬರ ಕಡೆ ಅಪೀಲು ಹಾಕ್ರಿ. ಆಗದಿದ್ರ ಮುದುಕರ ಪಗಾರ ಐತಲ್ಲ, ಅದನ್ನರೆ ಮಾಡಸೂಣು” ಅಂತ ನನ್ನ ಆಧಾರ ಕಾರ್ಡು ತಿರುವಿ ನೋಡಿದ. ಮತ್ತೊಮ್ಮೆ ನೋಡಿದ. “ಅಜ್ಜಾರ, ಇದರಾಗ ನಿಮಗಿನ್ನೂ ಐವತ್ತೆರಡು.”

ಕಾರ್ಡು ಮಾಡುವ ಹುಡುಗಿ ವಯಸ್ಸು ಕೇಳಿದಾಗ ನಾನು ಮೀಸೆ ತಿರುವಿ ಒಂದಿಷ್ಟು ಕಡಿಮೆ ಹೇಳಿದ್ದೆ.

ಹೆಂಡತಿ ಕಾರಕೂನನಿಗೆ ಕೈ ಮುಗಿದಳು. “ಅಪೀಲ ಹಾಕ್ರಿ ಯಪ್ಪಾ. ಇವ್ರು ಮುದುಕ ಆಗೂತನಾ ನಾ ಬದಕೂದಿಲ್ಲ.”

ಸಂಗೊಳ್ಳಿಯ ಸಾಕ್ಷಿ

ಅಪೀಲಿಗೆ, ಕಾಲು ಬಹಳ ವರ್ಷದಿಂದ ಕೆಟ್ಟಿದ್ದು ಅಂತ ಹೇಳುವ ಸಾಕ್ಷಿ ಬೇಕು ಅಂದರು. ಅಂಥವ ಒಬ್ಬನೇ, ಸಂಗೊಳ್ಳಿಯ ಪೈಲವಾನ. ಕಿತ್ತೂರ ಕಣದಲ್ಲಿ ನನ್ನ ಮೊಣಕಾಲು ತಿರುಚಿದ್ದು ಅವನ ಪಟ್ಟಿನಲ್ಲೇ. ಆ ಕುಸ್ತಿ ನಾನು ಗೆದ್ದೆ ಅಂತ ಊರಿಗೆಲ್ಲ ಹೇಳಿದ್ದೇನೆ. ಅವನು ಬೇರೆ ಹೇಳುತ್ತಾನೆ.

“ಅವನ ಹೊಸ್ತಿಲಾ ತುಳಿಯೂದಿಲ್ಲ” ಅಂದೆ. ಹೆಂಡತಿ ಬಾತ ಮುಂಗೈ ಮುಂದೆ ಹಿಡಿದಳು. ಬಸ್ಸು ಹತ್ತಿದೆ.

ಅವನು ಚಹಾ ಕುಡಿಸಿದ. “ಬರತೇನಿ. ಆದ್ರ ಖರೇನ ಹೇಳಾಂವ.”

“ಯಾವ ಖರೆ ಲೇ?”

“ನಿನಗ ಗೊತ್ತಿದ್ದದ್ದ.”

ವಿಚಾರಣೆಯ ದಿನ ಹೆಂಡತಿಯೂ ಸೇರಿ ಮೂವರೂ ಬೈಲಹೊಂಗಲದ ಬಸ್ಸು ಹತ್ತಿದೆವು. ಕಿಡಕಿ ಬದಿಯ ಸೀಟೂ ಅವನೇ ಹಿಡಿದ.

ಬೈಲಹೊಂಗಲದ ಕುಸ್ತಿ

ದೊಡ್ಡ ಸಾಹೇಬರು ಅಂದರೆ ಒಬ್ಬ ಮೇಡಮ್ಮಾರು. ನನ್ನ ಹೇಳಿಕೆ ಓದಿದರು, ಡಾಕ್ಟರ ಕಾರ್ಡು ನೋಡಿದರು, ಕನ್ನಡಕ ತೆಗೆದರು.

“ಅಜ್ಜಾರ, ನೀವು ಹೇಳಿದ್ದು ಖರೆ ಇದ್ರ ಕಾಲು ಸುಳ್ಳು. ಕಾಲು ಖರೆ ಇದ್ರ ಮಾತು ಸುಳ್ಳು. ಯಾವುದು?”

ಮೀಸೆಗೆ ಹೋದ ಕೈ ಅರ್ಧಕ್ಕೇ ಇಳಿಯಿತು. ಹುಲಿ ಹಾಯಲು ಬಂದಾಗಲೂ ಹಿಂಗಾಗಿರಲಿಲ್ಲ. ಆ ಹುಲಿಯ ಕಥೆ ಬೇರೆ ಇದೆ, ಇರಲಿ. ಸಂಗೊಳ್ಳಿಯವನು ಮುಂದೆ ಬಂದ.

“ಕಾಲು ಖರೆ ಐತ್ರಿ, ಮಾತು ಸುಳ್ಳು. ಆ ಕಾಲು ನನ್ನ ಪಟ್ಟಿನಾಗ ಹೋತು. ಕಿತ್ತೂರಾಗ ಇವನ್ನ ಚಿತ್ ಮಾಡಿದಾಂವ ನಾನ.”

ಕಚೇರಿಯೆಲ್ಲ ನನ್ನ ಕಡೆ ತಿರುಗಿತು. “ಹೌದೇನ್ರಿ?” ಅಂದರು ಮೇಡಮ್ಮಾರು.

ಬಾಗಿಲಲ್ಲಿ ಹೆಂಡತಿ ಮುಂಗೈಯನ್ನು ಸೆರಗಲ್ಲಿ ಸುತ್ತಿಕೊಂಡು ನಿಂತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು.

“ಹೌದ್ರಿ” ಅಂದೆ. “ಬೆನ್ನಿಗೆ ಮಣ್ಣು ಹತ್ತಿತ್ರಿ.”

ಕೆಲವು ದಿನಕ್ಕೆ ರಾಮದುರ್ಗದ ಕಚೇರಿಯಿಂದ ಕರೆ ಬಂತು, ಹೋದೆವು. ಪಗಾರ ಮಂಜೂರು. ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕುಂತುಬಿಟ್ಟಳು. ಅಷ್ಟರಲ್ಲಿ ಸುದ್ದಿ ಕೇಳಿ ಸಂಗೊಳ್ಳಿಯವನೂ ಬಂದು ಕಾರಕೂನನ ಮುಂದೆ ನಿಂತಿದ್ದ. “ನನಗೂ ಆ ಆದೇಶದ್ದೊಂದು ನಕಲು ಕೊಡ್ರಿ. ಕಚೇರಿ ಸಿಕ್ಕಾ ಹೊಡದು.”

“ನಿಮಗ್ಯಾಕ್ರಿ? ಪಗಾರ ಬರೂದು ಇವ್ರಿಗೆ.”

“ಪಗಾರ ಅಂವ ತಿನ್ನಲಿ. ಕುಸ್ತಿ ನಾ ಗೆದ್ದೇನಿ ಅಂತ ಸರಕಾರ ಬರದೈತಲ್ಲ, ಅದಕ್ಕ ಚೌಕಟ್ಟ ಹಾಕಸತೇನಿ.”

ನಾನು ಅವನನ್ನು ಬದಿಗೆ ಸರಿಸಿ ಕಾರಕೂನನ ಹತ್ತಿರ ಬಗ್ಗಿದೆ. “ಯಪ್ಪಾ, ಪಗಾರ ಹಂಗ ಇರ್ಲಿ. ಆ ಕುಸ್ತಿದು ಒಂದ ಸಾಲು ಐತಲ್ಲ, ಅಷ್ಟರ ಮ್ಯಾಲೆ ಅಪೀಲು ಎಲ್ಲಿ ಹಾಕೂದು?”